ತಾತನ ಗಾಡಿಗೆ ಪೆಟ್ರೋಲ್ ಬರುವ ದಾರಿ

ಗಂಗಾವತಿ
ಭಾನುವಾರ ಬೆಳಗ್ಗೆ

ಪ್ರೀತಿಯ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಆರಾಮ ಇದ್ದೇವೆ. ಅಕ್ಕನ ಮೊಣಕಾಲು ನೋವು ಹೇಗಿದೆ ಅಂತ ಮೊನ್ನೆ ಫೋನಿನಲ್ಲಿ ನೀನು ಹೇಳಲೇ ಇಲ್ಲ. ಇಡೀ ಮಾತು ಗಾಡಿಯದೇ ಆಯಿತು. ಇರಲಿ, ತಾತನ ಸ್ಪ್ಲೆಂಡರ್ ಬೈಕಿನ ಮೇಲೆ ನಿನಗಿರುವ ಕಾಳಜಿ ನೋಡಿ ನನಗೆ ಸಂತೋಷವೇ ಆಯಿತು. ಫೋನಿನಲ್ಲಿ ಹೇಳಿದ ಮಾತು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಗಾಡಿಯ ಸೈಡ್ ಬಾಕ್ಸಿನಲ್ಲಿ ಮಡಚಿ ಇಟ್ಟುಕೋ.

ನೀನು ಹೇಳಿದ್ದು ಹೀಗೆ. ಸಿಂಧನೂರಿನಲ್ಲಿ ಒಂದೇ ಕಿಕ್ಕಿಗೆ ಶುರುವಾಗುತ್ತದೆ. ಜವಳಗೇರಾ ದಾಟುವ ಹೊತ್ತಿಗೆ ಎಳೆತ ಕಡಿಮೆಯಾಗುತ್ತದೆ. ಎರಡು ಸಲ ಜಗ್ಗಿದಂತಾಗಿ ನಿಂತುಬಿಡುತ್ತದೆ. ಬೇವಿನ ಮರದ ನೆರಳಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಏನೂ ಆಗದ ಹಾಗೆ ಮತ್ತೆ ಶುರುವಾಗುತ್ತದೆ. ಪೋತ್ನಾಳ ಹತ್ತಿರ ಮತ್ತೆ ಅದೇ ಪಾಡು. ಮೆಕ್ಯಾನಿಕ್‌ಗೆ ತೋರಿಸಿದರೆ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಹೋಗಿದೆ, ಹೊಸದೇ ಹಾಕಬೇಕು ಅಂದನಂತೆ.

ಬೇಡ. ಸದ್ಯಕ್ಕೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡ.

2006ರಲ್ಲಿ ಇದೇ ಗಾಡಿ ನನಗೂ ಹೀಗೇ ಮಾಡಿತ್ತು. ಆಗ ತಾತನಿಗೆ ಕಣ್ಣು ಮಂಜಾಗಿ ಗಾಡಿ ನನ್ನ ಕೈಗೆ ಬಂದಿತ್ತು. ರೈಸ್ ಮಿಲ್ಲಿಗೆ ದಿನಾ ಅದರಲ್ಲೇ ಹೋಗಿಬರುತ್ತಿದ್ದೆ. ಕಾರಟಗಿ ರಸ್ತೆಯಲ್ಲಿ ದಿನಕ್ಕೆ ಎರಡು ಸಲವಾದರೂ ನಿಲ್ಲುತ್ತಿತ್ತು. ಒಬ್ಬರು ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬದಲಿಸಿದರು. ಇನ್ನೊಬ್ಬರು ಕಾರ್ಬೊರೇಟರನ್ನೇ ಬದಲಿಸಿದರು. ಅರ್ಧ ತಿಂಗಳ ಸಂಬಳ ಹೋಯಿತು, ಗಾಡಿ ಮಾತ್ರ ಮತ್ತೆ ನಿಂತಿತು. ಕೊನೆಗೆ ತಾತ ಹಿಂದಿನ ಸೀಟಿನಲ್ಲಿ ಕೂತು ನನ್ನ ಜೊತೆ ಬಂದರು. ಗಾಡಿ ನಿಂತ ಕೂಡಲೇ ಇಳಿದು ಟ್ಯಾಂಕಿನ ಮುಚ್ಚಳ ತೆಗೆದರು. ಸುಸ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳಿತು. ಸ್ವಲ್ಪ ತಡೆದು, ಮುಚ್ಚಳ ಹಾಕಿ ಕಿಕ್ ಹೊಡೆ ಅಂದರು. ಶುರುವಾಯಿತು. ಮುಚ್ಚಳದಲ್ಲಿ ಗಾಳಿ ಆಡಲು ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಮಿಲ್ಲಿನ ತೌಡಿನ ದೂಳು ಅಂಟಾಗಿ ಕೂತಿತ್ತು. ಅಷ್ಟೇ.

ಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿ ಸುರಿದು ನೋಡು. ಗುಳುಗುಳು ಅಂತ ತಡೆದು ತಡೆದು ಬೀಳುತ್ತದೆ. ಎದುರು ಮೂಲೆಯಲ್ಲಿ ಇನ್ನೊಂದು ತೂತು ಮಾಡಿದರೆ ಧಾರೆ ಸಲೀಸಾಗುತ್ತದೆ. ಟ್ಯಾಂಕಿನದೂ ಅದೇ ಲೆಕ್ಕ. ಪೆಟ್ರೋಲ್ ಇಳಿದಷ್ಟು ಗಾಳಿ ಒಳಗೆ ಬರಬೇಕು. ಬರದಿದ್ದರೆ ಪೆಟ್ರೋಲ್ ಇಳಿಯುವುದಿಲ್ಲ. ಹತ್ತು ನಿಮಿಷ ನಿಂತರೆ ಎಲ್ಲಿಂದಲೋ ಗಾಳಿ ಮೆಲ್ಲಗೆ ಜಿನುಗಿ ಒಳಗೆ ಸೇರುತ್ತದೆ, ಗಾಡಿ ಮತ್ತೆ ಹೊರಡುತ್ತದೆ. ನಿನ್ನ ಗಾಡಿಯ ಲಕ್ಷಣ ಕೇಳಿದಾಗ ನನಗೆ ಮೊದಲು ಹೊಳೆದದ್ದು ಇದೇ. ಆದರೆ ನಾನು ಹೇಳಿದೆ ಅಂತ ನಂಬಬೇಡ. ನಾಳೆ ನಿಂತ ಜಾಗದಲ್ಲೇ ಮುಚ್ಚಳ ತೆಗೆದು ನೋಡು. ತಕ್ಷಣ ಶುರುವಾದರೆ ತೂತು ಸ್ವಚ್ಛ ಮಾಡು, ಕೆಲಸ ಮುಗಿಯಿತು. ಮುಚ್ಚಳ ತೆಗೆದರೂ ಆಗಲಿಲ್ಲ, ಹತ್ತು ನಿಮಿಷ ತಣ್ಣಗಾದ ಮೇಲೆ ಮಾತ್ರ ಆಗುತ್ತದೆ ಅಂದರೆ ಅದು ಕರೆಂಟಿನ ಕಡೆಯದೂ ಇರಬಹುದು. ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್‌ಗಳಲ್ಲಿ ಬಿಸಿಯಾದಾಗ ಕೈಕೊಟ್ಟು ತಣ್ಣಗಾದಾಗ ಸರಿಯಾಗುವಂಥವು ಇರುತ್ತವೆ.

ತೊಂದರೆ ಪೆಟ್ರೋಲಿನದಾ ಕರೆಂಟಿನದಾ ಅಂತ ತಿಳಿಯುವುದಕ್ಕೆ ಪ್ಲಗ್ ಸಾಕು. ಗಾಡಿ ನಿಂತ ಕೂಡಲೇ ನಾಲ್ಕೈದು ಕಿಕ್ ಹೊಡೆದು ಪ್ಲಗ್ ಬಿಚ್ಚು. ಬಿಸಿ ಇರುತ್ತದೆ, ಬಟ್ಟೆ ಹಿಡಿದುಕೋ. ತುದಿ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ವಾಸನೆ ಬಂದರೆ ಪೆಟ್ರೋಲ್ ಬಂದಿದೆ, ಕಿಡಿಯ ಕಡೆ ಅನುಮಾನಿಸು. ಈ ಒಂದು ಪರೀಕ್ಷೆ ಮಾಡದೆ ಸಾಮಾನು ಬದಲಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪ್ಲಗ್ ಒಣಗಿತ್ತು, ಮುಚ್ಚಳವೂ ಸರಿ ಇತ್ತು ಅಂತಿಟ್ಟುಕೋ. ಆಗ ಏನು ಮಾಡಬೇಕು?

ನಾವು ಕಾಲುವೆ ನೀರಿನ ಮಂದಿ. ಮಾನ್ವಿ ಕಡೆಯ ಕೊನೆ ಭಾಗದ ರೈತನ ಗದ್ದೆಗೆ ನೀರು ಬರಲಿಲ್ಲ ಅಂದರೆ ಅವನು ಗದ್ದೆಯನ್ನು ಅಗೆಯುತ್ತಾ ಕೂರುತ್ತಾನಾ? ಮುನಿರಾಬಾದಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಿದ್ದಾರಾ ಅಂತ ಮೊದಲು ಕೇಳುತ್ತಾನೆ. ಆಮೇಲೆ ಉಪಕಾಲುವೆ, ತೂಬು, ಹೊಲಗಾಲುವೆ. ಮೇಲಿನಿಂದ ಕೆಳಕ್ಕೆ ಬರುತ್ತಾನೆ. ನಿನ್ನ ಗಾಡಿಯಲ್ಲಿ ಪಂಪ್ ಇಲ್ಲ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಟ್ಯಾಂಕು, ಅದರ ಕೆಳಗೆ ಆನ್, ಬಂದ್, ರಿಸರ್ವ್ ಮಾಡುವ ನಲ್ಲಿ ಅಂದರೆ ಕಾಕ್, ಪೈಪು, ಕಾರ್ಬೊರೇಟರ್. ಕಾರ್ಬೊರೇಟರ್ ಕೊನೆಯ ಗದ್ದೆ. ಅದಕ್ಕೇ ಕೈ ಹಾಕುವುದೂ ಕೊನೆಗೆ.

ಬಯಲಲ್ಲಿ ಗಾಡಿ ನಿಲ್ಲಿಸು. ಇಂಜಿನ್ ಪೂರ್ತಿ ತಣ್ಣಗಾಗಲಿ. ಕಾಕ್ ಬಂದ್ ಮಾಡಿ, ಕಾರ್ಬೊರೇಟರಿಗೆ ಹೋಗುವ ಪೈಪಿನ ಕ್ಲಿಪ್ ಸರಿಸಿ ಪೈಪ್ ಬಿಚ್ಚು. ತುದಿಯನ್ನು ಒಳಗೆ ಕಾಣುವ ಬಾಟ್ಲಿಗೆ ಇಳಿಬಿಡು. ಈಗ ಕಾಕ್ ಆನ್ ಮಾಡಿ ಒಂದು ನಿಮಿಷ ನೋಡು. ಲೆಕ್ಕ ಹೇಳುತ್ತೇನೆ. ಲೀಟರಿಗೆ 60 ಕಿ.ಮೀ. ಕೊಡುವ ಗಾಡಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುವಾಗ ನಿಮಿಷಕ್ಕೆ ಕುಡಿಯುವುದು ಸುಮಾರು 14 ಮಿ.ಲೀ. ಮೂರು ಟೀ ಚಮಚ ಅಷ್ಟೇ. ಪೈಪಿನಿಂದ ಅದರ ಎಷ್ಟೋ ಪಟ್ಟು ಬರಬೇಕು. ನಿಮಿಷದೊಳಗೆ ಒಂದು ಟೀ ಲೋಟದಷ್ಟಾದರೂ ಬೀಳಲೇಬೇಕು, ಕೊನೆಯ ತನಕ ಧಾರೆ ಒಂದೇ ಸಮ ಇರಬೇಕು. ಹನಿ ಹನಿ ಬಿದ್ದರೆ ತೊಂದರೆ ಮೇಲಿದೆ. ಅಂಥ ಗಾಡಿ ಮನೆ ಮುಂದೆ ನಿಂತಲ್ಲೇ ಚೆನ್ನಾಗಿ ಐಡ್ಲಿಂಗ್ ಆಡುತ್ತದೆ. ಕಾರ್ಬೊರೇಟರಿನ ಕೆಳಗಿನ ಬೌಲ್ ಮೊದಲೇ ತುಂಬಿರುತ್ತದಲ್ಲ. ಓಡಿಸಿದಾಗ ಬರುವುದಕ್ಕಿಂತ ಖರ್ಚು ಜಾಸ್ತಿಯಾಗಿ ಬೌಲ್ ಬರಿದಾಗುತ್ತದೆ.

ಆ ಬಾಟ್ಲಿಯನ್ನು ಅಲುಗಾಡಿಸದೆ ಅರ್ಧ ಗಂಟೆ ನೆರಳಲ್ಲಿ ಇಡು. ತಳದಲ್ಲಿ ಕಂದು ಪುಡಿ ಕಂಡರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ತಳದಲ್ಲಿ ಗುಂಡು ಗುಂಡು ಹನಿ ಓಡಾಡಿದರೆ, ಇಲ್ಲಾ ಮಬ್ಬಾದ ಇನ್ನೊಂದು ಪದರ ಕೂತರೆ, ಅದು ನೀರು. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೇ ಹೋಗುತ್ತದೆ. ರಿಸರ್ವ್ ಎಳೆಯುವುದೂ ತಳದಿಂದಲೇ. ಆನ್‌ನಲ್ಲಿ ಚೆನ್ನಾಗಿದ್ದ ಗಾಡಿ ರಿಸರ್ವ್‌ಗೆ ಹಾಕಿದ ಕೂಡಲೇ ಕೆಮ್ಮಿದರೆ ಇದನ್ನೇ ಮೊದಲು ಅನುಮಾನಿಸು. ವಾಟರ್ ವಾಶ್ ಮಾಡಿಸುವಾಗ ಮುಚ್ಚಳದ ಮೇಲೆ ಜೋರು ನೀರು ಹೊಡೆಯದಂತೆ ಹೇಳು.

ಈಗಿನ ಪೆಟ್ರೋಲಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಈಗ ಎಲ್ಲ ಕಡೆ ಅದೇ. ತಾತ ಈ ಸ್ಪ್ಲೆಂಡರ್ ತಂದದ್ದು 1999ರಲ್ಲಿ. ಆಗ ಈ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡು ರಬ್ಬರ್ ಪೈಪು, ವಾಷರ್ ಮಾಡಿರಲಿಲ್ಲ. ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಕೂತ ಕಸವನ್ನು ಬಿಡಿಸಿ ಕೆಳಕ್ಕೆ ತರುತ್ತದೆ. ಹೆದರಬೇಕಿಲ್ಲ. ಈ ಪೆಟ್ರೋಲಿಗೆ ತಡೆಯುವ ಪೈಪ್ ಕೇಳಿ ಹಾಕಿಸು. ತಿಂಗಳುಗಟ್ಟಲೆ ಗಾಡಿ ಸುಮ್ನೆ ನಿಲ್ಲಿಸಬೇಡ. ನಿಲ್ಲಿಸಲೇಬೇಕಾದರೆ ಕಾಕ್ ಬಂದ್ ಮಾಡಿ ಬೌಲ್‌ನ ಪೆಟ್ರೋಲ್ ಇಳಿಸಿಬಿಡು.

ಹೊಸ ಪೈಪ್ ಹಾಕುವಾಗ ಉದ್ದ ಜಾಸ್ತಿ ಬಿಡಬೇಡ. ಮೇಲೆದ್ದು ಕೆಳಗೆ ಬಾಗಿದ ಜಾಗದಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಇಂಜಿನ್ನಿಗೆ ತಾಗಿಕೊಂಡೂ ಇರಬಾರದು. ನಿಮ್ಮ ರಾಯಚೂರು ಜಿಲ್ಲೆಯ ಏಪ್ರಿಲ್ ಬಿಸಿಲಿನಲ್ಲಿ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುವುದುಂಟು. ಅದೇ ಬಿಸಿಲಿಗಾಗಿ ಇನ್ನೊಂದು ಮಾತು. ಟ್ಯಾಂಕನ್ನು ಬಾಯಿ ತನಕ ತುಂಬಿಸಬೇಡ. 10 ಲೀಟರ್ ಪೆಟ್ರೋಲ್ 10 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 100 ಮಿ.ಲೀ. ಹಿಗ್ಗುತ್ತದೆ. ಅದಕ್ಕೆ ಜಾಗ ಬೇಕು.

ಪೈಪಿನ ನಡುವೆ ಇನ್ನೊಂದು ಫಿಲ್ಟರ್ ಹಾಕಿಸಲಾ ಅಂತ ನೀನು ಕೇಳಿದ್ದೆ. ನನಗೆ ಅದು ಇಷ್ಟವಿಲ್ಲ. ಟ್ಯಾಂಕಿಗೂ ಕಾರ್ಬೊರೇಟರಿಗೂ ಇರುವ ಎತ್ತರವೇ ಗೇಣುದ್ದ. ಅಷ್ಟು ಕಡಿಮೆ ಒತ್ತಡದಲ್ಲಿ ಪಂಪ್ ಇರುವ ಗಾಡಿಗೆ ಮಾಡಿದ ಫಿಲ್ಟರ್ ಹಾಕಿದರೆ ಅದೇ ಅಡ್ಡಗಟ್ಟೆಯಾಗುತ್ತದೆ. ಕಾಕ್‌ನ ಮೇಲ್ಭಾಗ ಟ್ಯಾಂಕಿನ ಒಳಗೆ ಜಾಳಿಗೆ ಇರುತ್ತದೆ. ಟ್ಯಾಂಕ್ ಖಾಲಿ ಮಾಡಿ ಕಾಕ್ ಬಿಚ್ಚಿ ಆ ಜಾಳಿಗೆ ತೊಳೆದರೆ ಸಾಕು.

ಬಾಟ್ಲಿಯಲ್ಲಿ ಧಾರೆ ಚೆನ್ನಾಗಿ ಬಂದರೆ ಆಗ ಕಾರ್ಬೊರೇಟರಿಗೆ ಬಾ. ಮೊದಲು ಬೌಲ್ ತಳದ ಡ್ರೈನ್ ಸ್ಕ್ರೂ ಸಡಿಲ ಮಾಡು, ಕಾಕ್ ಆನ್ ಇರಲಿ. ಸ್ವಲ್ಪ ಸುರಿದು ನಿಂತುಹೋದರೆ ಫ್ಲೋಟಿನ ನೀಡಲ್ ಸಿಕ್ಕಿಕೊಂಡಿದೆ. ಫ್ಲೋಟ್ ಅಂದರೆ ನಮ್ಮ ಮಾಳಿಗೆಯ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡಿನ ಹಾಗೆ. ತುಂಬಿದಾಗ ಮೇಲೆದ್ದು ನೀಡಲ್ ಅನ್ನುವ ಮೊನೆಯಿಂದ ಪೆಟ್ರೋಲ್ ಬರುವ ಬಾಯಿ ಮುಚ್ಚುತ್ತದೆ. ಒಂದು ಕಸ ಸಿಕ್ಕರೂ ಮುಚ್ಚುವುದಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋದಾಗ 33 ಗೇಟುಗಳಲ್ಲಿ ಒಂದೇ ಒಂದು ಇಲ್ಲದ್ದಕ್ಕೆ ನಮ್ಮ ಎದೆ ಹೇಗೆ ಹೊಡೆದುಕೊಂಡಿತ್ತು, ನೆನಪಿದೆಯಲ್ಲ? ನೀಡಲ್ ಸರಿಯಾಗಿ ಕೂತು ಮುಚ್ಚದಿದ್ದರೆ ಪೆಟ್ರೋಲ್ ಓವರ್‌ಫ್ಲೋ ಪೈಪಿನಿಂದ ನೆಲಕ್ಕೆ ಹೋಗುತ್ತದೆ. ಕೆಲವೊಮ್ಮೆ ಕಾಣದ ಹಾಗೆ ಇಂಜಿನ್ ಒಳಗೆ ಇಳಿದು ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ತಾನಾಗಿ ಏರಿದ್ದರೆ, ಪೆಟ್ರೋಲ್ ವಾಸನೆ ಬಂದರೆ, ಗಾಡಿ ಶುರು ಮಾಡಲೇಬೇಡ. ನೀಡಲ್ ಸರಿಮಾಡಿ ಆಯಿಲ್ ಬದಲಿಸು. ರಾತ್ರಿ ಕಾಕ್ ಬಂದ್ ಮಾಡುವ ರೂಢಿ ತಾತನಿಗಿತ್ತು. ನೀನೂ ಬಿಡಬೇಡ.

ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡುಗಳಿಗೆ ಜೆಟ್ ಅನ್ನುತ್ತಾರೆ. ಚೋಕ್ ಎಳೆದರೆ ಮಾತ್ರ ಇಂಜಿನ್ ಓಡುತ್ತದೆ, ಬಿಟ್ಟರೆ ಆರುತ್ತದೆ ಅಂದರೆ ಹೆಚ್ಚಾಗಿ ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ ಕಟ್ಟಿರುತ್ತದೆ. ಐಡ್ಲಿಂಗ್ ಸರಿ ಇದ್ದು ಎಕ್ಸಲರೇಟರ್ ಪೂರ್ತಿ ತಿರುವಿದಾಗ ಸೋತರೆ ಮೇನ್ ಜೆಟ್ ನೋಡು. ಜೆಟ್‌ಗೆ ಸೂಜಿ, ಉಕ್ಕಿನ ತಂತಿ ಮಾತ್ರ ಹಾಕಬೇಡ, ಕೈಮುಗಿದು ಹೇಳುತ್ತೇನೆ. ಅದು ಹಿತ್ತಾಳೆ. ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಕಣ್ಣಿಗೆ ಕಾಣದಷ್ಟು ಕೆರೆದರೂ ಅಳತೆ ಹೋಯಿತು. ಕಾರ್ಬೊರೇಟರ್ ಕ್ಲೀನರ್ ಹಾಕಿ ನೆನೆಸು, ಸೈಕಲ್ ಪಂಪಿನ ಗಾಳಿ ಊದು, ಬೆಳಕಿಗೆ ಹಿಡಿದು ತೂತು ದುಂಡಗೆ ಕಾಣುತ್ತದಾ ನೋಡು. ಐಡ್ಲಿಂಗಿನ ಮಿಶ್ರಣ ಹೊಂದಿಸುವ ಗಾಳಿ ಸ್ಕ್ರೂ ಬಿಚ್ಚುವ ಮೊದಲು ಪೂರ್ತಿ ಒಳಗೆ ಕೂರುವ ತನಕ ಎಷ್ಟು ಸುತ್ತು ಅಂತ ಎಣಿಸಿ ಬರೆದಿಡು. ಆಮೇಲೆ ನೆನಪಾಗುವುದಿಲ್ಲ.

ಇನ್ನು ನಾನು ಈ ಪತ್ರ ಬರೆಯಲು ಕೂತದ್ದೇ ಯಾವುದಕ್ಕಾಗಿಯೋ, ಆ ಮಾತು. ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಲು ಪೈಪಿಗೆ ಬಾಯಿ ಹಚ್ಚಿ ಎಳೆಯಬೇಡ. ಮಿಲ್ಲಿನಲ್ಲಿ ನನ್ನ ಜೊತೆಗಾರನೊಬ್ಬ ಹಾಗೆ ಎಳೆದ. ಬರೀ ಒಂದು ಗುಟುಕು ಒಳಗೆ ಹೋಯಿತು. ಕೆಮ್ಮಿದ, ನೀರು ಕುಡಿದ, ಏನಿಲ್ಲ ಅಂದ. ರಾತ್ರಿಗೆ ಉಸಿರಾಡಲು ಆಗಲಿಲ್ಲ. ಪೆಟ್ರೋಲ್ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೋದರೆ ಅಪಾಯ. ಎಂಟು ದಿನ ಆಸ್ಪತ್ರೆಯಲ್ಲಿದ್ದ. ನಾನು ಅವನ ಮಂಚದ ಪಕ್ಕ ಕೂತಿದ್ದೆ, ಆ ಉಸಿರಿನ ಸದ್ದು ಈಗಲೂ ಕಿವಿಯಲ್ಲಿದೆ. ಹಾಗೇನಾದರೂ ಯಾರಿಗಾದರೂ ಆದರೆ ವಾಂತಿ ಮಾಡಿಸಬೇಡಿ, ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕಾಕ್ ಇರುವಾಗ ಬಾಯಿ ಯಾಕೆ ಬೇಕು?

ಇನ್ನೊಂದು. ಪರೀಕ್ಷೆಗೆ ಹಿಡಿದ ಪೆಟ್ರೋಲನ್ನು ನೀರಿನ ಬಾಟ್ಲಿಯಲ್ಲಿ ಮನೆಯೊಳಗೆ ಇಡಬೇಡ, ಒಂದು ಗಂಟೆಯೂ ಬೇಡ. ಬಿಸಿಲಿನಿಂದ ಓಡಿಬಂದ ಮಗು ಕೈಗೆ ಸಿಕ್ಕ ಬಾಟ್ಲಿ ಎತ್ತಿ ಕುಡಿಯುತ್ತದೆ. ನಿನ್ನ ತಂಗಿಯ ಮಕ್ಕಳು ರಜೆಗೆ ಬಂದಿದ್ದಾರೆ ಅಂತ ಕೇಳಿದೆ. ನೋಡಿ ಮುಗಿದ ಕೂಡಲೇ ಶುದ್ಧ ಇದ್ದರೆ ಬಟ್ಟೆಯಲ್ಲಿ ಸೋಸಿ ಟ್ಯಾಂಕಿಗೆ ಹಾಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಒಲೆಯ ತನಕ ಹೋಗುತ್ತದೆ. ಅಡುಗೆಮನೆ ಬಾಗಿಲ ಕಡೆ ಕೂತು ಈ ಕೆಲಸ ಮಾಡಬೇಡ. ಬೀಡಿ ಸೇದುವವರು ಪಕ್ಕಕ್ಕೆ ಬಂದರೆ ಹಿರಿಯರು ಅಂತ ಸಂಕೋಚಪಡದೆ ಎದ್ದು ಕಳಿಸು.

ನಾಳೆ ಕೆಲಸಕ್ಕೆ ಹೋಗುವಾಗ ಜವಳಗೇರಾ ದಾಟಿ ನಿಂತರೆ ಮೊದಲು ಮುಚ್ಚಳ, ಆಮೇಲೆ ಪ್ಲಗ್. ಎರಡರಲ್ಲಿ ಏನು ಕಂಡಿತು ಅಂತ ಸಂಜೆ ಫೋನ್ ಮಾಡಿ ಹೇಳು. ಬಾಟ್ಲಿಯಲ್ಲಿ ತುಕ್ಕು ಕಂಡರೆ ಫೋಟೋ ಕಳಿಸು. ಟ್ಯಾಂಕ್ ತೊಳೆಯುವುದು ಒಬ್ಬರ ಕೆಲಸವಲ್ಲ, ಬರುವ ಭಾನುವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ತಾತನ ಪಾನಾ ಚೀಲ ನನ್ನ ಹತ್ತಿರ ಇದೆ, ತರುತ್ತೇನೆ. ಅಕ್ಕನ ಮೊಣಕಾಲಿನ ಸುದ್ದಿಯನ್ನು ಮರೆಯದೆ ಹೇಳು.

ನಿನ್ನ ಮಾವ