ಕಿಲಿನೊಚ್ಚಿಗೆ ಹೊರಟ ತಂಗಿಗೆ

ಬೆಳಗಾವಿ

ಪ್ರೀತಿಯ ತಂಗಿ,

ನಿನ್ನ ಪತ್ರ ಓದಿದೆ. ಶ್ರೀಲಂಕಾದ ಉತ್ತರಕ್ಕೆ ಹೋಗಿ, ಕಿಲಿನೊಚ್ಚಿ, ಮುಲ್ಲೈತೀವು ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘಗಳನ್ನು ನೋಡಿ ಬರೆಯಬೇಕು ಅಂದಿದ್ದೀಯ. ಖಂಡಿತ ಹೋಗು. ಜಮಖಂಡಿಯ ಹುಡುಗಿ ಅವರ ಬಗ್ಗೆ ಕನ್ನಡದಲ್ಲಿ ಬರೆಯುತ್ತಾಳೆ ಅಂದರೆ ನನಗೆ ಬಹಳ ಸಂತೋಷ. ಆದರೆ ನೀನು ಕಳಿಸಿದ ಪ್ರಶ್ನೆಗಳ ಪಟ್ಟಿ ಹಿಡಿಸಲಿಲ್ಲ. ಮೊದಲ ಪ್ರಶ್ನೆಯೇ ‘ಯುದ್ಧದಲ್ಲಿ ಯಾರನ್ನು ಕಳೆದುಕೊಂಡಿರಿ?’ ಅಂತ ಇದೆ. ಅದನ್ನು ತೆಗೆದುಬಿಡು.

ಯಾಕೆ ಅಂತ ತಿಳಿಯಲು ಮೊದಲು ಘಟಪ್ರಭಾಕ್ಕೆ ಹೋಗಿ ಬಾ. ದೇವದಾಸಿ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳೇ ನಡೆಸುವ ‘ಮಾಸ್’ ಸಂಸ್ಥೆ ಅಲ್ಲಿದೆ. 1997ರಲ್ಲಿ ಶುರುವಾದದ್ದು. ಈ ಪದ್ಧತಿಯಲ್ಲಿ ಬದುಕಿದ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳ ಹತ್ತಿರ ಎಷ್ಟೋ ವರ್ಷಗಳಿಂದ ಜನ ಬರುತ್ತಲೇ ಇದ್ದಾರೆ. ಪತ್ರಿಕೆಯವರು, ಸಂಶೋಧನೆಯವರು, ಕ್ಯಾಮೆರಾ ಹಿಡಿದವರು. ಹೆಚ್ಚಿನವರು ಕೇಳುವುದು ಮುತ್ತು ಕಟ್ಟಿದ, ಅಂದರೆ ದೇವದಾಸಿಯಾಗಿ ಬಿಟ್ಟ ದಿನದ ಬಗ್ಗೆಯೇ. ಇನ್ನೊಂದು ಹುಡುಗಿಗೆ ಮುತ್ತು ಕಟ್ಟುವುದನ್ನು ಹೇಗೆ ತಡೆದಿರಿ, ಮಕ್ಕಳನ್ನು ಶಾಲೆಗೆ ಹಾಕುವಾಗ ತಂದೆಯ ಹೆಸರಿನ ಜಾಗದಲ್ಲಿ ಏನು ಬರೆಸಿದಿರಿ, ಸಂಘದ ಸಾಲ ಯಾರಿಗೆ ಮೊದಲು ಕೊಟ್ಟಿರಿ ಅಂತ ಕೇಳುವವರು ಕಡಿಮೆ. ಒಂದೇ ನೋವನ್ನು ಬಂದ ಬಂದವರಿಗೆಲ್ಲ ಹೇಳುತ್ತ ಕೂರಬೇಕು ಅಂದರೆ ಯಾರಿಗೆ ತಾನೆ ಸಾಕಾಗುವುದಿಲ್ಲ?

ಲಂಕೆಯ ಉತ್ತರದಲ್ಲೂ ಹಾಗೇ ಆಗಿದೆ. ಸರ್ಕಾರದ ಸೈನ್ಯಕ್ಕೂ ಪ್ರತ್ಯೇಕ ನಾಡು ಕೇಳಿದ ತಮಿಳು ಹುಲಿಗಳಿಗೂ (ಎಲ್‌ಟಿಟಿಇ) ನಡುವೆ 1983ರಲ್ಲಿ ಹೊತ್ತಿದ ಯುದ್ಧ 2009ರ ಮೇ ತಿಂಗಳಲ್ಲಿ ಮುಲ್ಲಿವಾಯ್ಕಾಲಿನ ಕಡಲ ದಂಡೆಯಲ್ಲಿ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ ಸತ್ತ ಸಾಮಾನ್ಯ ಜನರ ಸಂಖ್ಯೆ 40,000ದವರೆಗೂ ಇರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಬದುಕಿ ಉಳಿದ ಲಕ್ಷಾಂತರ ಜನರನ್ನು ವವುನಿಯಾ ಹತ್ತಿರದ ಮೆನಿಕ್ ಫಾರ್ಮಿನಂಥ ಮುಳ್ಳುತಂತಿಯ ಶಿಬಿರಗಳಲ್ಲಿ ಇಟ್ಟರು. ಮೆನಿಕ್ ಫಾರ್ಮ್ ಪೂರ್ತಿ ಮುಚ್ಚಿದ್ದು 2012ರಲ್ಲಿ. ಊರಿಗೆ ಮರಳಿದ ಎಷ್ಟೋ ಮನೆಗಳಲ್ಲಿ ದುಡಿಯುವ ಗಂಡಸೇ ಇರಲಿಲ್ಲ. ಆಮೇಲೆ ಬಂದವರೆಲ್ಲ ಇದನ್ನೇ ಕೇಳಿ ಬರೆದುಕೊಂಡು ಹೋಗಿದ್ದಾರೆ. ಇಷ್ಟನ್ನು ನೀನು ಇಲ್ಲೇ ಓದಿಕೊಂಡು ಹೋಗಬಹುದು. ಅವರ ಬಾಯಿಂದ ಮತ್ತೆ ಹೊರಡಿಸುವುದು ಬೇಡ.

ನೀನು ಸಂಘ ನೋಡಲು ಹೋಗುತ್ತಿದ್ದೀಯ ಅಲ್ವಾ? ಹಾಗಾದರೆ ಸಂಘವನ್ನೇ ನೋಡು. ಅಲ್ಲಿ ಊರೂರಿಗೆ ಹೆಂಗಸರ ಗ್ರಾಮಾಭಿವೃದ್ಧಿ ಸಂಘ ಇರುತ್ತದೆ. ಜನ ‘ಮಾದರ್ ಸಂಗಂ’ ಅನ್ನುತ್ತಾರೆ. ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಕೂತವಳಿಗೆ ಅಲ್ಲಿಯ ಅರ್ಧ ವಿಷಯ ತಾನಾಗಿ ತಿಳಿಯುತ್ತದೆ. ಉಳಿತಾಯದ ಪುಸ್ತಕ ಯಾರ ಹತ್ತಿರ ಇದೆ? ಕಂತು ತಪ್ಪಿದವಳನ್ನು ಏನು ಮಾಡುತ್ತಾರೆ? ತಾಳೆಗರಿಯ ಬುಟ್ಟಿ ಹೆಣೆದರೆ ಕೊಳ್ಳುವವರು ಯಾರು, ಕೈಗೆ ಎಷ್ಟು ಬರುತ್ತದೆ? ಸಾಲದ ಬಗ್ಗೆ ಜಾಸ್ತಿ ಹೊತ್ತು ಕೇಳು. ಯುದ್ಧ ಮುಗಿದ ಮೇಲೆ ಕಿರುಸಾಲದ ಕಂಪನಿಗಳು ಹಳ್ಳಿಗೆ ನುಗ್ಗಿದವು. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ವಸೂಲಿಯವರು ಮನೆ ಬಾಗಿಲಲ್ಲೇ ಕೂತರು. ಆತ್ಮಹತ್ಯೆಗಳೂ ಆದವು. 2018ರಲ್ಲಿ ಸರ್ಕಾರ ಬರ ಬಿದ್ದ ಜಿಲ್ಲೆಗಳ ಹೆಂಗಸರ, ಅಲ್ಲಿಯ ಒಂದು ಲಕ್ಷ ರೂಪಾಯಿವರೆಗಿನ ಕಿರುಸಾಲ ಮನ್ನಾ ಮಾಡುವ ಮಾತಾಡಿತು. ಇದೂ ಯುದ್ಧದ ಕಥೆಯೇ. ಆದರೆ ಗುಂಡಿನ ಸದ್ದು ಇಲ್ಲದ್ದರಿಂದ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ. ನೀನು ಬಿಡಬೇಡ.

ಸಭೆಗೆ ಯಾರು ಬಂದಿಲ್ಲ ಅನ್ನುವುದನ್ನೂ ಗಮನಿಸು. ಹುಲಿಗಳ ಪಡೆಯಲ್ಲಿದ್ದು ಮರಳಿದ ಹೆಣ್ಣನ್ನು ಊರು ಇನ್ನೂ ದೂರ ಇಟ್ಟಿರಬಹುದು. ತಮಿಳರ ಮೇಲಿನ ಗಲಭೆಗೆ ಹೆದರಿ ಚಹಾ ತೋಟಗಳ ಕಡೆಯಿಂದ ಬಂದು ಕಿಲಿನೊಚ್ಚಿಯಲ್ಲಿ ನೆಲೆ ನಿಂತ ತಮಿಳರಲ್ಲಿ ಎಷ್ಟೋ ಜನರಿಗೆ ಸ್ವಂತ ನೆಲ ಇಲ್ಲ. 1990ರಲ್ಲಿ ಹುಲಿಗಳೇ ಉತ್ತರದಿಂದ ಓಡಿಸಿದ ಮುಸ್ಲಿಮರಿದ್ದಾರೆ. ಜಾತಿಯಂತೂ ನಮ್ಮಲ್ಲಿ ಇದ್ದಂತೆ ಅಲ್ಲೂ ಇದೆ. ನೋವು ಉಂಡವರೆಲ್ಲ ಒಂದೇ ಅಂದುಕೊಂಡು ಬರೆದರೆ ಬರಹ ಸುಳ್ಳಾಗುತ್ತದೆ.

ಇನ್ನೊಂದು ಮಾತು. ಇದು ಹೇಳಲು ಕಷ್ಟ, ಹೇಳಲೇಬೇಕು. ನೀನು ಅಲ್ಲಿ ಬರೀ ಕನ್ನಡತಿ ಅಲ್ಲ, ಭಾರತದವಳು. 1987ರಿಂದ 1990ರವರೆಗೆ ನಮ್ಮ ಸೈನ್ಯ ಶಾಂತಿಪಾಲನಾ ಪಡೆ ಅಂತ ಅಲ್ಲಿತ್ತು. 1987ರ ಅಕ್ಟೋಬರ್ 21, ದೀಪಾವಳಿಯ ದಿನ, ಜಾಫ್ನಾ ಆಸ್ಪತ್ರೆಯಲ್ಲಿ ವೈದ್ಯರು, ನರ್ಸುಗಳು, ರೋಗಿಗಳು ನಮ್ಮ ಸೈನಿಕರ ಗುಂಡಿಗೆ ಸತ್ತರು. ಜಾಫ್ನಾದ ಜನ ಅದನ್ನು ಮರೆತಿಲ್ಲ. ನಮ್ಮ ಸೈನಿಕರೂ ಸುಮಾರು 1,200 ಜನ ಆ ನೆಲದಲ್ಲಿ ಪ್ರಾಣ ಬಿಟ್ಟರು. ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲೇ. ಆ ದಳದವರೂ ಅಲ್ಲಿ ಹೋರಾಡಿದ್ದಾರೆ. ಅಲ್ಲಿ ಯಾರಾದರೂ ಆ ಕಾಲದ ಮಾತು ತೆಗೆದರೆ ವಾದಕ್ಕೆ ಇಳಿಯಬೇಡ, ದೇಶದ ಪರವಾಗಿ ಸಮಜಾಯಿಷಿಯನ್ನೂ ಕೊಡಬೇಡ. ಪೂರ್ತಿ ಕೇಳು. ಕೇಳಿದ್ದನ್ನು ಇಲ್ಲಿಯ ಓದುಗರಿಗೆ ಬರೆ. ಮನೆಯಿಂದ ಸೈನ್ಯಕ್ಕೆ ಮಗನನ್ನು ಕಳಿಸಿದ ತಾಯಿಯೂ ಅದನ್ನು ಓದುತ್ತಾಳೆ ಅನ್ನುವುದು ನಿನ್ನ ಮನಸ್ಸಿನಲ್ಲಿರಲಿ. ಇಬ್ಬರಿಗೂ ಸುಳ್ಳು ಹೇಳದೆ ಬರೆಯುವುದೇ ನಿನ್ನ ಕೆಲಸ.

ಯುದ್ಧದ ಕಾಲದಲ್ಲಿ ಕಾಣೆಯಾದವರ ತಾಯಂದಿರ ವಿಷಯ ಮಾತ್ರ ಬೇರೆ. 2017ರ ಫೆಬ್ರವರಿ 20ರಂದು ಕಿಲಿನೊಚ್ಚಿಯಲ್ಲಿ ಅವರು ರಸ್ತೆ ಬದಿಗೆ ಧರಣಿ ಕೂತರು. ವರ್ಷಗಳೇ ಕಳೆದರೂ ಹೋರಾಟ ನಿಲ್ಲಲಿಲ್ಲ. ಮಕ್ಕಳ ಫೋಟೊ ಹಿಡಿದು ನಿಂತವರು ‘ನಮ್ಮನ್ನು ಕೇಳಿ’ ಅಂತಲೇ ನಿಂತಿದ್ದಾರೆ. ಅಲ್ಲಿ ಕೇಳು, ಹೆಸರು ಬರೆದುಕೋ ಅಂದರೆ ಬರೆದುಕೋ. ಸಂಘದ ಮನೆಯಲ್ಲಿ ಹಾಗಲ್ಲ. ಹೊರಗಿನವರು ಬಂದು ಹೋದ ಮೇಲೆ ಗುಪ್ತಚರರು ವಿಚಾರಿಸಲು ಬರುವುದು ಅಲ್ಲಿ ಹೊಸದೇನಲ್ಲ. ನೀನು ವಿಮಾನ ಹತ್ತಿ ಬಂದುಬಿಡುತ್ತೀಯ, ಅವರು ಅಲ್ಲೇ ಇರಬೇಕು. ಆದ್ದರಿಂದ ಮುಖದ ಫೋಟೊ ಬೇಡ, ಊರಿನ ಹೆಸರೂ ಬೇಡ. ಭಾಷೆಗೆ ಅದೇ ಊರಿನವರನ್ನು ಕರೆದುಕೊಳ್ಳಬೇಡ. ಪಕ್ಕದ ಮನೆಯವಳ ಎದುರು ಸಾಲದ ಮಾತು ಯಾರೂ ಆಡುವುದಿಲ್ಲ. ಬರೆದದ್ದನ್ನು ಅಚ್ಚಿಗೆ ಕೊಡುವ ಮೊದಲು ತಮಿಳಿನಲ್ಲಿ ಅವರಿಗೆ ಓದಿಸು. ತೆಗೆಯಿರಿ ಅಂದ ಸಾಲು ಎಷ್ಟೇ ಚೆನ್ನಾಗಿರಲಿ, ತೆಗೆ.

ಮೇ 18ರ ಸುತ್ತಮುತ್ತ ಹೋಗಬೇಡ. ಆಗ ಸತ್ತವರ ನೆನಪಿನ ದಿನ, ಕ್ಯಾಮೆರಾಗಳೆಲ್ಲ ಅಲ್ಲೇ ಇರುತ್ತವೆ. ಅಕ್ಟೋಬರಿನಿಂದ ಡಿಸೆಂಬರವರೆಗೆ ಅಲ್ಲಿ ಜೋರು ಮಳೆ. ಫೆಬ್ರವರಿ ಒಳ್ಳೆಯದು. ಭತ್ತದ ಕೊಯ್ಲು ಇರುವುದರಿಂದ ಸಭೆಗೆ ಜನ ತಡವಾಗಿ ಬಂದಾರು, ಕಾಯುವಷ್ಟು ದಿನ ಇಟ್ಟುಕೊಂಡೇ ಟಿಕೆಟ್ ತೆಗೆಸು. ತಾರೀಖು ಗೊತ್ತಾದ ಕೂಡಲೇ ನನಗೆ ತಿಳಿಸು.

ನಿನ್ನ ಅಕ್ಕ