ಡಿಸಾಸ್ಟರ್‌ನಲ್ಲಿ ನಕ್ಷತ್ರ ಎಲ್ಲಿದೆ?

ಪ್ರಿಯ ಮಿತ್ರರೇ,

'ಡಿಸಾಸ್ಟರ್' ಪದದ ಮೂಲದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಸೊಗಸಾಗಿದೆ, ಆದರೆ ಎರಡನೇ ಪ್ಯಾರಾದಲ್ಲೇ ಎಡವಿದ್ದೀರಿ. 'ಡಿಸ್ ಅಂದರೆ ಇಲ್ಲ, ಆಸ್ಟರ್ ಅಂದರೆ ನಕ್ಷತ್ರ. ಆದ್ದರಿಂದ ನಕ್ಷತ್ರವಿಲ್ಲದ ಕತ್ತಲು' ಎಂದಿದ್ದೀರಿ. ಪದವನ್ನು ತುಂಡು ಮಾಡಿ, ತುಂಡುಗಳ ಅರ್ಥ ಕೂಡಿಸಿದರೆ ಕೈಗೆ ಬರುವುದು ಬರೀ ಊಹೆ.

ಪದ ಬಂದ ದಾರಿ ಹಿಡಿದು ಒಂದೊಂದೇ ಭಾಷೆ ಹಿಂದಕ್ಕೆ ಹೋಗಿ. ಇಂಗ್ಲಿಷಿಗೆ ಇದು 16ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರೆಂಚಿನಿಂದ ಬಂತು. ಫ್ರೆಂಚಿಗೆ ಕೊಟ್ಟದ್ದು ಇಟಾಲಿಯನ್ನಿನ 'ದಿಸಾಸ್ತ್ರೊ'. ಅದರೊಳಗಿನ 'ಆಸ್ತ್ರೊ' ಲ್ಯಾಟಿನ್ ಮೂಲಕ ಗ್ರೀಕಿನ 'ಆಸ್ಟ್ರೊನ್' ತನಕ ಹೋಗುತ್ತದೆ. ಇಲ್ಲಿ 'ದಿಸ್' ಹೇಳುವುದು ಕೆಟ್ಟದ್ದು ಎಂದು. ನಕ್ಷತ್ರ ಇದೆ, ಅದರ ದೆಸೆ ಸರಿಯಿಲ್ಲ. ನಮ್ಮ 'ಗ್ರಹಚಾರ'ವೂ ಹೀಗೇ ಜಾರಿದ ಪದ: ಗ್ರಹಗಳ ಚಲನೆ ಅಷ್ಟೇ ಆಗಿದ್ದದ್ದು, ಈಗ 'ನನ್ನ ಗ್ರಹಚಾರ!' ಎಂದು ಹಣೆ ಚಚ್ಚಿಕೊಳ್ಳುವವರ ಬಾಯಲ್ಲಿ ಕೆಟ್ಟ ಕಾಲ. ಈ ಜೋಡಿಯನ್ನು ಲೇಖನಕ್ಕೆ ಸೇರಿಸಿ. ಆದರೆ ಒಂದರಿಂದ ಇನ್ನೊಂದು ಬಂತು ಎನ್ನಬೇಡಿ.

ಅದೇ ತಪ್ಪು ನಿಮ್ಮ 'ಸ್ಟಾರ್' ಪ್ಯಾರಾದಲ್ಲಿದೆ. ಸಂಸ್ಕೃತದ 'ತಾರಾ'ದಿಂದ 'ಸ್ಟಾರ್' ಹುಟ್ಟಲಿಲ್ಲ. ಋಗ್ವೇದದಲ್ಲಿ 'ಸ್ತೃಭಿಃ' ಎಂಬ ರೂಪವಿದೆ, ನಕ್ಷತ್ರಗಳಿಂದ ಎಂದರ್ಥ. 'ತಾರಾ'ದಲ್ಲಿ ಕಾಣದ, 'ಸ್ಟಾರ್'ನಲ್ಲಿರುವ ಸಕಾರ ಅಲ್ಲಿ ಉಳಿದುಕೊಂಡಿದೆ ನೋಡಿ. ಗ್ರೀಕಿನ 'ಆಸ್ಟೇರ್', ಲ್ಯಾಟಿನ್ನಿನ 'ಸ್ಟೆಲ್ಲಾ', ಪಾರಸಿಯ 'ಸಿತಾರಾ' ಎಲ್ಲವೂ ಇಂಡೋ-ಯುರೋಪಿಯನ್ ಎಂಬ ಒಂದೇ ಹಳೆಯ ಮೂಲಭಾಷೆಯಿಂದ ಬಂದ ದಾಯಾದಿಗಳು, ತಾಯಿ-ಮಗಳಲ್ಲ. ಆ ಹುರುಪಿನಲ್ಲಿ ಸಿತಾರ್ ವಾದ್ಯವನ್ನೂ ಇದೇ ವಂಶಕ್ಕೆ ಸೇರಿಸಿಬಿಟ್ಟಿದ್ದೀರಿ! ಅದು ಪಾರಸಿಯ 'ಸೆ-ತಾರ್', ಮೂರು ತಂತಿ. ಉಚ್ಚಾರ ಹತ್ತಿರವಾದಷ್ಟೂ ಅನುಮಾನ ಹೆಚ್ಚಿರಲಿ.

'ಕನ್ಸಿಡರ್' ಲ್ಯಾಟಿನ್ನಿನ 'ಸಿದುಸ್', ಅಂದರೆ ನಕ್ಷತ್ರ ಅಥವಾ ತಾರಾಪುಂಜ ಎಂಬ ಪದದಿಂದ ಬಂದಿದೆ ಎನ್ನುವಲ್ಲಿ ನಿಘಂಟುಗಳು 'ಬಹುಶಃ' ಎನ್ನುತ್ತವೆ. ನೀವು ಅದನ್ನು ಕೈಬಿಟ್ಟಿದ್ದೀರಿ. ವಾಕ್ಯ ಸ್ವಲ್ಪ ಸೊರಗಿದರೂ ಚಿಂತೆಯಿಲ್ಲ, ವಾಪಸ್ ಹಾಕಿ.

ಇನ್ನು ಇಸವಿಗಳು. 'ಇನ್‌ಫ್ಲುಯೆಂಜಾ 1743ರಲ್ಲಿ ಹುಟ್ಟಿದ ಪದ' ಎಂದಿದೆ. ಇಟಲಿಯಿಂದ ಹಬ್ಬಿದ ಸಾಂಕ್ರಾಮಿಕದ ಸುದ್ದಿಯ ಜೊತೆ ಅದು ಇಂಗ್ಲಿಷಿಗೆ ಬಂದದ್ದು 1743ರಲ್ಲಿ. ಇಟಾಲಿಯನ್ನಿನಲ್ಲಿ, ನಕ್ಷತ್ರಗಳ ಪ್ರಭಾವ ಎಂಬ ಹಳೆಯ ಅರ್ಥದ ಸಮೇತ, ಅದು ಮೊದಲೇ ಇತ್ತು. ನಿಘಂಟು ಕೊಡುವ ಇಸವಿ ಆ ಭಾಷೆಯ ಬರಹದಲ್ಲಿ ಈವರೆಗೆ ಸಿಕ್ಕ ಮೊದಲ ಬಳಕೆಯದು. ಇನ್ನೂ ಹಳೆಯ ಕಾಗದ ಸಿಕ್ಕರೆ ಇಸವಿಯೂ ಹಿಂದೆ ಸರಿಯುತ್ತದೆ.

ತಿದ್ದಿದ ಪ್ರತಿ ಕಳಿಸಿ.