ಆ ಕಾಲದ ವೇಷ ಇದಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ 1730ರ ದಶಕದ ಪ್ಯಾರಿಸ್ ಬ್ಯಾಲೆ ಬಗ್ಗೆ ಬರೆದು, ಪಕ್ಕದಲ್ಲಿ ಗಿಡ್ಡ ಲಂಗ ತೊಟ್ಟು ತುದಿಗಾಲಲ್ಲಿ ನಿಂತವಳ ಚಿತ್ರ ಹಾಕಿದ್ದೀರಿ. ಅದು ಮುಂದಿನ ಶತಮಾನದ್ದು. 1730ರ ದಶಕದಲ್ಲಿ ಗಂಡಸರೂ ಸೊಂಟಕ್ಕೆ ತಂತಿ ಕೂರಿಸಿದ ಗಟ್ಟಿ ಲಂಗ, ಗರಿ, ಮುಖವಾಡ, ಹಿಮ್ಮಡಿಯ ಶೂ ಹಾಕಿ ಕುಣಿಯುತ್ತಿದ್ದರು. ಹೆಂಗಸರದ್ದು ಪಾದ ಮುಚ್ಚುವ ಲಂಗ. ಹೆಜ್ಜೆಯ ಚುರುಕು ಕಾಣಲಿ ಅಂತ ನರ್ತಕಿ ಮರೀ ಕಮಾರ್ಗೋ ಅದನ್ನು ತುಸು ಮೇಲೇರಿಸಿದ್ದೇ ದೊಡ್ಡ ಸುದ್ದಿ. 1734ರಲ್ಲಿ ಇನ್ನೊಬ್ಬ ನರ್ತಕಿ ಮರೀ ಸಾಲೆ ಲಂಡನ್ನಿನಲ್ಲಿ ಲಂಗದೊಳಗಿನ ಪಂಜರವನ್ನೇ ಬಿಟ್ಟು, ಕೂದಲು ಇಳಿಬಿಟ್ಟು, ತೆಳು ಮಸ್ಲಿನ್ ಉಟ್ಟು ರಂಗಕ್ಕೆ ಬಂದಳು. ಎಷ್ಟು ಧೈರ್ಯ ಬೇಕು, ಅಲ್ವಾ? ಯಕ್ಷಗಾನದಲ್ಲಿ ಮುಂಡಾಸು, ಭುಜಕೀರ್ತಿ, ಎದೆಕಟ್ಟು ಬಿಗಿದುಕೊಂಡು ಬೆಳಗಿನವರೆಗೆ ಕುಣಿಯುವವರನ್ನು ನೋಡುತ್ತ ಬೆಳೆದ ನಮ್ಮ ಹೊನ್ನಾವರದ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ದಯವಿಟ್ಟು ಸರಿಯಾದ ಚಿತ್ರ ಹಾಕಿ, ಸ್ವಲ್ಪ ದೊಡ್ಡದಾಗಿಯೇ ಹಾಕಿ.

– ಓದುಗ, ಹೊನ್ನಾವರ